ಉಗಿಯ ರಾಕೆಟ್ಟೂ ಆಪ್ತವಾಕ್ಯವೂ

ಕಾವ್ಯಮೀಮಾಂಸೆಯ ತರಗತಿಯಲ್ಲಿ ಮಹಿಮಭಟ್ಟನ ಅನುಮಿತಿವಾದಕ್ಕೆ ಬಂದಾಗಲೆಲ್ಲ ಪ್ರಮಾಣಗಳ ವಿಚಾರವನ್ನು ಸ್ವಲ್ಪ ವಿಸ್ತರಿಸಿಯೇ ಹೇಳುವುದು ನನ್ನ ವಾಡಿಕೆ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು ನಾಲ್ಕನ್ನು ಒಪ್ಪುತ್ತಾರೆ. ಬರಿದೆ ಹಾಗೆಂದುಬಿಟ್ಟರೆ ಹುಡುಗರು ಆಕಳಿಸುತ್ತಾರೆ. ಆದ್ದರಿಂದ ಈ ಸಲ, ಪ್ರತ್ಯಕ್ಷವೊಂದನ್ನೇ ನಂಬುತ್ತೇನೆಂದು ಹಟ ಹಿಡಿದವನ ಉದಾಹರಣೆಯಾಗಿ, ಅಮೆರಿಕದ ಮೈಕ್ ಹ್ಯೂಸ್ ಎಂಬಾತನ ಕಥೆ ಹೇಳಿದೆ. ಬಾಡಿಗೆಯ ದೊಡ್ಡ ಕಾರು ಓಡಿಸಿ ಜೀವನ ಸಾಗಿಸುತ್ತಿದ್ದ ಈತ ಭೂಮಿ ಚಪ್ಪಟೆಯೆಂದು ವಾದಿಸುತ್ತಿದ್ದ. ಮೇಲೆ ಹೋಗಿ ಕಣ್ಣಾರೆ ನೋಡಿಯೇ ಬರುವೆನೆಂದು ಉಗಿಯಿಂದ ಹಾರುವ ರಾಕೆಟ್ಟೊಂದನ್ನು ಕಟ್ಟಿದ. ತರಗತಿ ಗೊಳ್ಳೆಂದು ನಕ್ಕಿತು, ನಾನೂ ನಕ್ಕೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ನಗದೆ, "ಭೂಮಿ ಗುಂಡಗಿದೆ ಅಂತ ನಿಮಗೆ ಹೇಗೆ ಗೊತ್ತು ಸಾರ್?" ಎಂದಳು.

ಉತ್ತರವೇನೋ ನಾಲಿಗೆಯ ತುದಿಗೆ ಬಂತು. ಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ದುಂಡನೆಯ ನೆರಳು. ದೂರ ಹೋಗುವ ಹಡಗಿನ ಒಡಲು ಮೊದಲು ಮರೆಯಾಗಿ, ಪಟ ಆಮೇಲೆ ಮರೆಯಾಗುವುದು. ಎಲ್ಲ ಚಿಕ್ಕಂದಿನಲ್ಲೇ ಕಲಿತದ್ದು. ಆದರೆ ಅಂಥ ಹಡಗನ್ನು ಕಡಲತೀರದಲ್ಲಿ ನಿಂತು ನಾನು ನೋಡಿದ್ದೇನೆಯೇ? ಇಲ್ಲ. ಅದು ಹಾಗೆ ಮರೆಯಾಗುತ್ತದೆ ಎಂಬುದೂ ಓದಿದ್ದೇ ಹೊರತು ಕಂಡದ್ದಲ್ಲ. ಅನುಮಾನಕ್ಕೆ ಬೇಕಾದ ಹೇತುವೇ ಇನ್ನೊಬ್ಬರಿಂದ ತಂದ ಸಾಲ! "ನಾಳೆ ಹೇಳುತ್ತೇನೆ" ಎಂದು ತಪ್ಪಿಸಿಕೊಂಡೆ.

ಆ ರಾತ್ರಿ ಹ್ಯೂಸನ ವಿಷಯವನ್ನು ಮತ್ತೆ ಓದಿದೆ. ಉಗಿಯ ರಾಕೆಟ್ಟಿನ ತತ್ತ್ವ ನಮ್ಮ ಅಡುಗೆಮನೆಯ ಕುಕ್ಕರಿನದಕ್ಕಿಂತ ಬೇರೆಯಲ್ಲ. ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯದು. ಕುಕ್ಕರಿನಲ್ಲಿ ಸುಮಾರು 120ರ ತನಕ ಏರುತ್ತದೆ. ಪಾತ್ರೆ ಇನ್ನೂ ಗಟ್ಟಿಯಾಗಿದ್ದರೆ 200 ಡಿಗ್ರಿಗೆ ಕಾಯಿಸಿದರೂ ನೀರು ನೀರಾಗಿಯೇ ಉಳಿದೀತು. ಆದರೆ ಆಗ ಒಳಗಿನ ಒತ್ತಡ ಹೊರಗಿನ ಗಾಳಿಯದಕ್ಕಿಂತ ಸುಮಾರು 15 ಪಟ್ಟು. ತಳದ ಬಾಯನ್ನು ತಟ್ಟನೆ ತೆರೆದರೆ ನೀರಿನ ಒಂದು ಪಾಲು ಒಮ್ಮೆಲೇ ಉಗಿಯಾಗಿ, ಉಳಿದುದನ್ನೂ ಸೆಳೆದುಕೊಂಡು ಹಿಂದಕ್ಕೆ ಚಿಮ್ಮಿ, ಪಾತ್ರೆಯನ್ನು ಮುಂದಕ್ಕೆ ನೂಕುತ್ತದೆ. ಹಾರುವಾಗ ಬೆಂಕಿಯಿಲ್ಲ, ಮದ್ದಿಲ್ಲ. 1974ರ ಸೆಪ್ಟೆಂಬರ್ 8ರಂದು ಈವಲ್ ಕ್ನೀವಲ್ ಎಂಬ ಸಾಹಸಿ ಸ್ನೇಕ್ ನದಿಯ ಕಣಿವೆಯನ್ನು ದಾಟಹೊರಟದ್ದೂ ರಾಬರ್ಟ್ ಟ್ರೂಯಾಕ್ಸ್ ಎಂಬ ಎಂಜಿನಿಯರು ಕಟ್ಟಿದ ಇಂಥದೇ ವಾಹನದಲ್ಲಿ. ಪ್ಯಾರಾಚೂಟು ಹೊತ್ತಿಗೆ ಮುಂಚೆ ಬಿಚ್ಚಿಕೊಂಡಿತು. ಆತ ಕಣಿವೆಯೊಳಕ್ಕೇ ಇಳಿದು, ಹೇಗೋ ಬದುಕಿದ.

ಹ್ಯೂಸ್ 2018ರ ಮಾರ್ಚ್ 24ರಂದು ಕ್ಯಾಲಿಫೋರ್ನಿಯಾದ ಆಂಬಾಯ್‌ನಲ್ಲಿ 1,875 ಅಡಿ ಏರಿ, ಬೆನ್ನು ನೋಯಿಸಿಕೊಂಡು ಇಳಿದ. ನಮ್ಮ ನಂದಿಬೆಟ್ಟ ಸುತ್ತಣ ಬಯಲಿನಿಂದ ಏಳುವುದೂ ಹೆಚ್ಚುಕಡಿಮೆ ಅಷ್ಟೇ. ಅಷ್ಟರಿಂದ ಭೂಮಿಯ ಬಾಗು ಯಾರ ಕಣ್ಣಿಗೂ ಕಾಣದು. ಮುಂದೆ ಇನ್ನೂ ಎತ್ತರಕ್ಕೆ ಹೋಗುವ ಹಂಬಲ ಅವನಿಗಿತ್ತು. ಚಪ್ಪಟೆ ಭೂಮಿಯ ಮಾತೆಲ್ಲ ಪ್ರಚಾರಕ್ಕಾಗಿ ಎಂದು ಅವನ ಪ್ರಚಾರ ನೋಡಿಕೊಳ್ಳುತ್ತಿದ್ದವರೇ ಆಮೇಲೆ ಹೇಳಿದರು. ಇರಬಹುದು. ನನ್ನನ್ನು ಯೋಚನೆಗೆ ಹಚ್ಚಿದ್ದು ಅವನ ಮಾತಲ್ಲ, ಅವನ ಕೈಕೆಲಸ.

ಎಷ್ಟು ಬಿಸಿಗೆ ಉಗಿಯ ಒತ್ತಡ ಎಷ್ಟು ಎಂಬುದನ್ನು 1840ರ ದಶಕದಲ್ಲಿ ಪ್ಯಾರಿಸ್ಸಿನ ವಿಕ್ಟರ್ ರೆನ್ಯೋ ತಾಳ್ಮೆಯಿಂದ ಅಳೆದು ಕೋಷ್ಟಕ ಮಾಡಿಟ್ಟ. ಇಂದಿಗೂ ಇಂಥ ಪಾತ್ರೆ ಕಟ್ಟುವವರು ನೆಚ್ಚುವುದು ಅಂಥ ಕೋಷ್ಟಕಗಳನ್ನೇ. ಉಕ್ಕು ಎಷ್ಟು ತಾಳೀತು, ಒತ್ತಡ ತೋರಿಸುವ ಮುಳ್ಳು ಸುಳ್ಳು ಹೇಳದೆ ತಿರುಗೀತೇ? ಇವೂ ಪರರ ಮಾತೇ. ಭೂಮಿಯ ವಿಚಾರದಲ್ಲಿ ಯಾರ ಮಾತನ್ನೂ ಕೇಳೆನೆಂದವನು ಕಾದ ನೀರಿನ ಮೇಲೆ ಕೂರುವಾಗ ಎಷ್ಟೋ ಅಪರಿಚಿತರ ಮಾತನ್ನು ನಂಬಿ ಕೂತ.

ಆಪ್ತನೆಂದರೆ ಯಾರು ಎಂಬುದನ್ನು ವಾತ್ಸ್ಯಾಯನ ನ್ಯಾಯಸೂತ್ರಗಳ ಭಾಷ್ಯದಲ್ಲಿ ಬಿಡಿಸಿ ಹೇಳಿದ್ದಾನೆ. ವಸ್ತುವನ್ನು ಸಾಕ್ಷಾತ್ತಾಗಿ ಅರಿತಿರಬೇಕು. ಅರಿತದ್ದನ್ನು ಅರಿತಂತೆಯೇ ಹೇಳುವ ಇಚ್ಛೆಯೂ ಇರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಬೇರೆ ಸೇರಿಸುತ್ತಾನೆ. ನನಗೆ ಬಲು ಪ್ರಿಯವಾದ ವಿಚಾರವಿದು. ಪ್ಯಾರಿಸ್ಸಿನ ರೆನ್ಯೋಗೂ ಇದರಲ್ಲಿ ಜಾಗವುಂಟು! ಆದರೆ ಕೇಳುವವನಿಗೂ ಒಂದು ಹೊರೆ ಇದೆಯಷ್ಟೆ: ಹೇಳುವವನು ಅರಿತದ್ದು ಹೇಗೆಂದು ವಿಚಾರಿಸುವ ಹೊರೆ. ನಾನು ಎಂದಾದರೂ ಅದನ್ನು ಹೊತ್ತದ್ದುಂಟೇ? ಹ್ಯೂಸ್ ತಪ್ಪನ್ನು ಮೈಮುರಿದು ನಂಬಿದ. ನಾನು ಸರಿಯಾದದ್ದನ್ನು ಸೋಮಾರಿತನದಿಂದ ನಂಬಿದೆ. ಅವನನ್ನು ಕಂಡು ನಗುವ ಅಧಿಕಾರ ನನಗೆ ಎಲ್ಲಿಂದ ಬಂತು?

2020ರ ಫೆಬ್ರವರಿ 22ರಂದು, ಬಾರ್ಸ್ಟೋ ಊರಿನ ಬಳಿ, 5,000 ಅಡಿಯ ಗುರಿಯಿಟ್ಟು ಆತ ಮತ್ತೆ ಹಾರಿದ. ವಯಸ್ಸು 64. ಹೊರಟ ಕ್ಷಣದಲ್ಲೇ ಪ್ಯಾರಾಚೂಟೊಂದು ಕಿತ್ತುಹೋಯಿತು. ರಾಕೆಟ್ಟು ಮರುಭೂಮಿಗೆ ಅಪ್ಪಳಿಸಿ ಆತ ಸತ್ತ. ಟೆಲಿವಿಷನ್ ಕಾರ್ಯಕ್ರಮಕ್ಕಾಗಿ ಅದನ್ನು ಚಿತ್ರಿಸುತ್ತಿದ್ದರು. ಅಲ್ಲಿ ತೆಗೆದ ಚಿತ್ರವೊಂದು ಲೋಕವನ್ನೆಲ್ಲ ಸುತ್ತಿತು. ನಾನೂ ನೋಡಿದೆ. ಮತ್ತೊಮ್ಮೆ ನೋಡಿದೆ. ಮೊದಲ ಸಲದ್ದು ತಿಳಿಯುವ ಆಸೆ ಎನ್ನೋಣ, ಎರಡನೆಯ ಸಲದ್ದು? ತನ್ನ ಪ್ರಾಣವನ್ನು ಪಣಕ್ಕೊಡ್ಡುವ ಹಕ್ಕು ಆತನಿಗಿತ್ತೆಂದೇ ನಾನು ತಿಳಿಯುತ್ತೇನೆ. ಆದರೆ ನಮ್ಮಂಥವರ ಕಣ್ಣುಗಳು ಕಾದಿರದಿದ್ದರೆ ಆತ ಹಾರುತ್ತಿದ್ದನೇ? ನಾನು ಕಣ್ಣಾರೆ ಕಂಡ ಪ್ರತ್ಯಕ್ಷವೆಂದರೆ ಕಡೆಗೆ ಇದೊಂದೇ. ಅದರಿಂದ ನನಗೆ ಯಾವ ಜ್ಞಾನವೂ ಆಗಲಿಲ್ಲ.

ಮಾರನೆಯ ದಿನ ಆ ಹುಡುಗಿಗೆ ಹೇಳಿದೆ: "ನನಗೆ ಗೊತ್ತಿಲ್ಲಮ್ಮ, ನಂಬಿದ್ದೇನೆ. ಯಾರನ್ನು ನಂಬಿದ್ದೇನೆ, ಏಕೆ ನಂಬಿದ್ದೇನೆ ಅಂತ ಬೇಕಾದರೆ ಹೇಳಬಲ್ಲೆ." ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಮುಂದಿನ ಚಂದ್ರಗ್ರಹಣ ಯಾವಾಗ ಸಾರ್? ಅದನ್ನಾದರೂ ಮಹಡಿ ಮೇಲೆ ನಿಂತು ನಾವೇ ನೋಡಬಹುದಲ್ಲ" ಎಂದಳು.

ಪಂಚಾಂಗ ನೋಡಿ ಹೇಳುತ್ತೇನೆ ಎಂದೆ.