ಭೋಗಕ್ಕೊಂದು ಪರಿಮಾಣ

ನ್ಯಾಯವಾಗಿ ಗಳಿಸಿದ ಹಣವನ್ನು ಸ್ವಂತ ಸುಖಕ್ಕೆ ವೆಚ್ಚ ಮಾಡುವವನನ್ನು ಆಕ್ಷೇಪಿಸಲು ನಾವಾರು? ಅಲ್ಲಿ ಕಳವಿಲ್ಲ, ಸುಳ್ಳಿಲ್ಲ. ಹೀಗಿರುವಾಗ ವೈಭವದ ಹೋಟೆಲೊಂದರಲ್ಲಿ ಎರಡು ದಿನ ತಂಗುವುದನ್ನು ದೋಷವೆಂದು ಹೇಗೆ ಹೇಳುವುದು? ಬಹುಕಾಲ ಇದು ನನಗೆ ಪರರ ಪ್ರಶ್ನೆಯಾಗಿತ್ತು. 2024ರ ಬೇಸಿಗೆಯಲ್ಲಿ ನನ್ನ ಮನೆಯ ಬಾಗಿಲಿಗೇ ಬಂದಿತು.

ನಮ್ಮ ವಿವಾಹಕ್ಕೆ ನಲವತ್ತು ವರ್ಷ ತುಂಬಿತೆಂದು ಮಗನು ನಂದಿಬೆಟ್ಟದ ಕಡೆಯ ಗಾಲ್ಫ್ ಹೋಟೆಲೊಂದರಲ್ಲಿ ನಮಗಾಗಿ ಎರಡು ರಾತ್ರಿಗಳ ವಾಸ್ತವ್ಯವನ್ನು ಗೊತ್ತುಮಾಡಿದ್ದನು. ಕೋಣನಕುಂಟೆಯ ನಮ್ಮ ಬೀದಿಯಲ್ಲಿ ಆಗ ಕೊಳವೆಬಾವಿ ಬತ್ತಿ, ಟ್ಯಾಂಕರಿಗಾಗಿ ಕಾಯುತ್ತಿದ್ದೆವು. ಕುಂಟೆಯೆಂದರೆ ಚಿಕ್ಕ ಕೆರೆ. ಊರ ಹೆಸರಿನಲ್ಲಿದ್ದ ನೀರು ನಲ್ಲಿಯಲ್ಲಿರಲಿಲ್ಲ. ಕುಡಿಯುವ ನೀರಿನಿಂದ ಕಾರು ತೊಳೆದರೆ, ಕೈತೋಟಕ್ಕೆ ಎರೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿಯು ಆ ಮಾರ್ಚ್ ತಿಂಗಳಲ್ಲಿ ಸಾರಿತ್ತು.

ಗಾಲ್ಫ್ ಸ್ಕಾಟ್ಲೆಂಡಿನ ಆಟ. ಅಲ್ಲಿಯ ಕಡಲಂಚಿನ ಮರಳು ನೆಲ ಬೇಸಾಯಕ್ಕೆ ಒದಗದು. ಮಳೆ ಹುಲ್ಲನ್ನು ಬೆಳೆಸುತ್ತಿತ್ತು, ಕುರಿಗಳು ಮೇಯ್ದು ಅದನ್ನು ಹದವಾಗಿಡುತ್ತಿದ್ದವು. ಆ ನೆಲವೇ ಆಟದ ಬಯಲಾಯಿತು. ವೈಭವವು ಅನಂತರ ಸೇರಿದ್ದು. ಪರ್ತ್‌ಶೈರಿನಲ್ಲಿ ರೈಲ್ವೆ ಕಂಪನಿ ಕಟ್ಟಿಸಿದ ಪ್ರಸಿದ್ಧ ಗ್ಲೆನೀಗಲ್ಸ್ ಹೋಟೆಲು ತೆರೆದದ್ದು 1924ರಲ್ಲಿ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಅದಕ್ಕಿಂತ ಹಳೆಯದು, 1876ರದು. ಆದರೆ ಆಟ ಬಂದಿತೇ ಹೊರತು ಅದರೊಡನೆ ಸ್ಕಾಟ್ಲೆಂಡಿನ ಮಳೆ ಬರಲಿಲ್ಲ. ಅಲ್ಲಿ ಮೋಡವು ಕೊಡುವ ಹಸುರನ್ನು ಇಲ್ಲಿ ಬೇಸಿಗೆಯಲ್ಲಿ ನಾವು ನೀರೆರೆದು ಪಡೆಯಬೇಕು. ಸಂಸ್ಕರಿಸಿದ ನೀರನ್ನೇ ಬಳಸುವ ಮೈದಾನಗಳುಂಟು, ಅದು ಮೆಚ್ಚತಕ್ಕದ್ದೇ. ಆದರೂ ಅರ್ಕಾವತಿ, ಪಾಲಾರ್, ಪಿನಾಕಿನಿಗಳ ತವರೆನಿಸಿದ ಆ ಸೀಮೆಯಲ್ಲಿಯೇ ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿವೆಯೆಂಬುದನ್ನು ಮರೆಯುವಂತಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದನ್ನು, ನೀರನ್ನು ಚೆಲ್ಲುವುದನ್ನು, ಸಸ್ಯವನ್ನು ಕತ್ತರಿಸುವುದನ್ನು ಪ್ರಮಾದಚರ್ಯೆಯೆಂದು ಹೇಳಿದ್ದಾರೆ. ಬಳಕೆಯೇ ದೋಷವೆಂದು ಅಲ್ಲಿ ಹೇಳಿಲ್ಲ. ಪ್ರಯೋಜನವಿಲ್ಲದ ಬಳಕೆಯೇ ದೋಷ. ಹಣ ತೆತ್ತವನು ಮಗನಲ್ಲವೇ, ನನಗೇನು ಎಂದು ಮನಸ್ಸು ನುಣುಚಿಕೊಳ್ಳಲು ನೋಡಿತು. ಆದರೆ ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಈ ಮೂರೂ ನಮ್ಮ ಲೆಕ್ಕಕ್ಕೇ ಸೇರುತ್ತವೆ. ಉಡುಗೊರೆಯನ್ನು ಸ್ವೀಕರಿಸುವುದು ಅನುಮೋದನೆಯಲ್ಲದೆ ಮತ್ತೇನು?

ಹೋಗುವುದು ಬೇಡವೆಂದೆನು. ನನ್ನ ಪತ್ನಿ ಒಪ್ಪಲಿಲ್ಲ. "ಮಗನ ಮನಸ್ಸನ್ನು ನೋಯಿಸುವುದು ಹಿಂಸೆಯಲ್ಲವೇ? ಹೋಗೋಣ, ಆದರೆ ಪರಿಮಾಣ ಮಾಡಿಕೊಂಡು ಹೋಗೋಣ" ಎಂದಳು. ಭೋಗೋಪಭೋಗ ಪರಿಮಾಣ ವ್ರತವನ್ನು ಆಜೀವ ಕೈಗೊಂಡರೆ ಯಮ, ಕಾಲಾವಧಿಯಿಟ್ಟು ಕೈಗೊಂಡರೆ ನಿಯಮ. ನಾವು ಎರಡು ದಿನಗಳ ನಿಯಮ ಮಾಡಿದೆವು: ಸ್ನಾನಕ್ಕೆ ದಿನಕ್ಕೊಂದು ಬಕೆಟ್ ನೀರು, ಇಬ್ಬರಿಗೂ ಒಂದೊಂದೇ ಟವೆಲು, ಸೂರ್ಯಾಸ್ತಕ್ಕೆ ಮೊದಲೇ ಊಟ. ಅವಳ ಮೊಣಕಾಲಿನ ನೋವಿಗೆ ಒಮ್ಮೆ ಮಾತ್ರ ಬಿಸಿನೀರಿನ ತೊಟ್ಟಿ. ಅದು ವಿಲಾಸವಲ್ಲ, ಪ್ರಯೋಜನ.

ಅಲ್ಲಿಯ ಸ್ನಾನದ ಮನೆಯಲ್ಲಿ ಎಲ್ಲವೂ ಇತ್ತು, ಬಕೆಟೊಂದನ್ನುಳಿದು. ಕೇಳಿದಾಗ ತರುಣನೊಬ್ಬನು ಸಂಕೋಚದಿಂದಲೇ ತಂದುಕೊಟ್ಟು, ಸಮೀಪದ ಹಳ್ಳಿಯ ತನ್ನ ಮನೆಯಲ್ಲಿ ಎರಡು ಬಕೆಟ್‌ಗಳಲ್ಲಿ ನಾಲ್ವರ ಸ್ನಾನವಾಗುತ್ತದೆಂದನು. ಆಗ ನನಗೆ ತಿಳಿಯಿತು: ಇಂಥ ವೈಭವದ ಲಕ್ಷಣವಿರುವುದು ಬೆಲೆಯಲ್ಲಲ್ಲ, ಅಳತೆಯನ್ನು ಮರೆಯಿಸುವುದರಲ್ಲಿ. ಬಕೆಟ್ಟಿಗೆ ತಳವಿದೆ, ಅಂಚಿದೆ; ಷವರಿಗೆ ಅವೆರಡೂ ಇಲ್ಲ.

ಎರಡನೆಯ ಬೆಳಗ್ಗೆ ನಾನೇ ಆ ಷವರಿನ ಕೆಳಗೆ ನಿಂತೆನು. ಬೆಚ್ಚನೆಯ ನೀರು ಹಿತವಾಗಿತ್ತು. ಎಷ್ಟು ಹೊತ್ತಾಯಿತೋ ಅರಿಯೆನು. ಟ್ಯಾಂಕರಿಗೆ ಕಾದು ನಿಲ್ಲುತ್ತಿದ್ದವನೇ ನಾನು ಎಂಬುದು ನೆನಪಾದದ್ದು ಮೈ ಒರೆಸಿಕೊಳ್ಳುವಾಗ. ಕಂಡವರಾರೂ ಇರಲಿಲ್ಲ. ಪತ್ನಿಗೆ ಹೇಳಿದೆನು. ಅವಳು ಬೈಯಲಿಲ್ಲ, "ನಿಯಮ ಮಾಡಿದ್ದರಿಂದಲ್ಲವೇ ಮುರಿದದ್ದು ಗೊತ್ತಾಯಿತು" ಎಂದಳು. ಇಷ್ಟು ವರ್ಷಗಳ ಶಾಸ್ತ್ರಶ್ರವಣದಿಂದ ನನಗೆ ದಕ್ಕದಿದ್ದ ಅರ್ಥ ಆ ಮಾತಿನಲ್ಲಿತ್ತು. ನಿಯಮವಿಲ್ಲದವನು ತಪ್ಪುವುದೇ ಇಲ್ಲ. ಏಕೆಂದರೆ ಅವನಿಗೆ ತಪ್ಪು ಕಾಣುವುದಿಲ್ಲ.

ಆಟದ ತವರಾದ ಸೇಂಟ್ ಆಂಡ್ರೂಸಿನಲ್ಲಿ ಹಳೆಯ ಮೈದಾನವನ್ನು ಸಾಮಾನ್ಯವಾಗಿ ಭಾನುವಾರ ಆಟಕ್ಕೆ ತೆರೆಯುವುದಿಲ್ಲ. ಅಂದು ಊರ ಜನರು ಅಲ್ಲಿ ಅಡ್ಡಾಡುತ್ತಾರೆ, ಆಟದ ನೆಲಕ್ಕೆ ವಿರಾಮ ದೊರೆಯುತ್ತದೆ. ಎಷ್ಟೇ ಹಣ ತೆರಬಲ್ಲವನಿಗೂ ಅಂದು ಅಲ್ಲಿ ಆಟವಿಲ್ಲ. ಅದೂ ಒಂದು ನಿಯಮವೇ.

ಆದುದರಿಂದ, ಮಕ್ಕಳು ಪ್ರೀತಿಯಿಂದ ಕರೆದೊಯ್ಯುವ ಕಡೆಗೆ ಹೋಗಬಾರದೆಂದು ನಾನು ಹೇಳಲಾರೆ. ಹೊರಡುವ ಮೊದಲು ಮನೆಯಲ್ಲಿ ಎಲ್ಲರೂ ಕೂಡಿ ಕುಳಿತು, ಯಾವುದು ಪ್ರಯೋಜನ, ಎಷ್ಟು ಸಾಕು ಎಂದು ನಿಶ್ಚಯಿಸಿಕೊಳ್ಳೋಣ. ಹೋಟೆಲು ನಮಗೆ ಎಲ್ಲವನ್ನೂ ಒದಗಿಸೀತು. ಸಾಕೆಂಬುದನ್ನು ಮಾತ್ರ ನಾವೇ ಕೊಂಡೊಯ್ಯಬೇಕು.