ಮಗುವಿನ ಆಟ

ಅಂಗಳದಲ್ಲಿ ನಾಲ್ಕು ವರ್ಷದ ಮಗುವೊಂದು ಕೋಲನ್ನೇರಿ ‘ಕುದುರೆ, ಕುದುರೆ’ ಎಂದು ಓಡುತ್ತಿರುವಾಗ, ಪಡಸಾಲೆಯಲ್ಲಿ ಕುಳಿತ ತಂದೆಯು ‘ಆಡಿದ್ದು ಸಾಕು, ಪಾಟಿ ತೆಗೆದುಕೊಂಡು ಬಾ’ ಎಂದು ಗದರಿಸುತ್ತಾನೆ. ಅವನ ಮನಸ್ಸಿನಲ್ಲಿ ಕಾಠಿಣ್ಯವಿಲ್ಲ. ಮಗು ಹಿಂದೆ ಬಿದ್ದೀತೆಂಬ ಭಯವಿದೆ. ಮಮತೆಯೇ ಭಯದ ರೂಪವನ್ನು ತಾಳಿದೆ. ಆದರೆ ಮಮತೆಯಿಂದ ಮಾಡಿದ್ದೆಲ್ಲವೂ ನ್ಯಾಯವಾಗುವುದೆ? ಮಗುವಿನ ಆಟವನ್ನು ಕಸಿದುಕೊಳ್ಳುವ ಅಧಿಕಾರವು ಹೆತ್ತವರಿಗೆ ಎಷ್ಟರ ಮಟ್ಟಿಗೆ ಉಂಟೆಂಬುದು ಗೃಹಸ್ಥರೆಲ್ಲರೂ ವಿಚಾರಿಸತಕ್ಕ ಪ್ರಶ್ನೆ.

ಆಟವೆಂದರೆ ಮನಬಂದಂತೆ ನಡೆಯುವುದು, ಶಿಸ್ತೆಂದರೆ ಪಾಠಕ್ಕೆ ಕೂಡುವುದು ಎಂದೇ ಲೋಕರೂಢಿ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವಿಗೋಟ್‌ಸ್ಕಿಯವರು 1933ರಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಈ ತಿಳಿವಳಿಕೆಯನ್ನು ತಲೆಕೆಳಗು ಮಾಡಿದರು. ನಿಯಮವಿಲ್ಲದ ಆಟವೇ ಇಲ್ಲವೆಂಬುದು ಅವರ ಮತ. ಆಟದಲ್ಲಿ ಮಿಠಾಯಿಯನ್ನು ತಿನ್ನಬಾರದ ವಸ್ತುವೆಂದು ಒಪ್ಪಿಕೊಂಡ ಮಗು, ಬಾಯಲ್ಲಿ ನೀರೂರುತ್ತಿದ್ದರೂ ಅದನ್ನು ತಿನ್ನುವುದಿಲ್ಲ. ನಮ್ಮ ಮನೆಗಳಲ್ಲಿಯೂ ಇದನ್ನು ಕಾಣಬಹುದು. ಬೊಂಬೆಯ ಮದುವೆಯಲ್ಲಿ ಬೀಗಿತಿಯಾದ ಹುಡುಗಿಯು, ನಿಜವಾದ ಮದುವೆಯ ಚಪ್ಪರದಲ್ಲಿ ಕ್ಷಣಮಾತ್ರವೂ ಸುಮ್ಮನಿರದವಳು, ಇಲ್ಲಿ ಗಂಭೀರಳಾಗಿ ಕುಳಿತಿರುತ್ತಾಳೆ. ಆ ಸಂಯಮವು ಬೆತ್ತದಿಂದ ಬಂದುದಲ್ಲ, ತಾನೇ ಒಪ್ಪಿದ ನಿಯಮದಿಂದ ಬಂದುದು.

ಇನ್ನು ಆ ಕೋಲು. ಕೋಲೊಂದು ಕುದುರೆಗಾಗಿ ನಿಲ್ಲಬಲ್ಲುದೆಂದು ಕಂಡುಕೊಂಡ ಮಗುವೇ ಮುಂದೆ ಗೆರೆಯೊಂದು ಧ್ವನಿಗಾಗಿ ನಿಲ್ಲಬಲ್ಲುದೆಂದು ಅರಿಯುತ್ತದೆ. ತಂದೆಯು ಪಾಟಿಗಾಗಿ ಬಿಡಿಸಬಯಸಿದ ಆಟವೇ ಪಾಟಿಯ ಮೊದಲ ಪಾಠವಾಗಿತ್ತು!

ಆಟದ ಭಯವು ತಂದೆಗಳಿಗೆ ಮಾತ್ರವಲ್ಲ, ಸರಕಾರಗಳಿಗೂ ಇತ್ತು. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲರು 1837ರಲ್ಲಿ ತೆರೆದ ಶಿಶುಶಾಲೆಗೆ 1840ರಲ್ಲಿ ‘ಕಿಂಡರ್‌ಗಾರ್ಟನ್’, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಹಾಡು, ಮರದ ಗುಂಡು, ತೋಟಗೆಲಸ ಇವೇ ಅಲ್ಲಿಯ ಪಾಠಗಳು. 1851ರಲ್ಲಿ ಪ್ರಷ್ಯದ ಸರಕಾರವು ಇದರಲ್ಲಿ ನಾಸ್ತಿಕತೆಯನ್ನು ಕಂಡು ಇಂಥ ಶಾಲೆಗಳನ್ನು ನಿಷೇಧಿಸಿತು. ಮರುವರ್ಷವೇ ಫ್ರೋಬೆಲರು ತೀರಿಕೊಂಡರು. ನಿಷೇಧವು ತೆರವಾದುದು 1860ರಲ್ಲಿ. ಇಂದು ‘ಎಲ್.ಕೆ.ಜಿ.’ ಎಂಬ ಹಲಗೆಯಲ್ಲಿ ಆ ತೋಟದ ಹೆಸರೇ ಅಡಗಿದ್ದರೂ ಒಳಗೆ ಎಷ್ಟೋ ಕಡೆ ಎಳೆಯ ಬೆರಳುಗಳು ಕಾಪಿ ತಿದ್ದುತ್ತಿವೆ. 3ರಿಂದ 8 ವರ್ಷದವರಿಗೆ ಆಟದ ಮೂಲಕವೇ ಕಲಿಸಬೇಕೆಂದು ಭಾರತದ 2020ರ ಶಿಕ್ಷಣ ನೀತಿಯು ಹೇಳಿದೆ. ಫೀಜು ಕೊಟ್ಟ ಹೆತ್ತವರೇ ‘ಏನು ಬರೆಸಿದಿರಿ?’ ಎಂದು ಕೇಳುವಾಗ ಶಿಕ್ಷಕಿಯಾದರೂ ಏನು ಮಾಡಿಯಾಳು?

ಹಾಗಾದರೆ ಮಗುವನ್ನು ಕರೆಯಲೇಬಾರದೆ? ಉಣ್ಣುವ ಹೊತ್ತಿದೆ, ಮಲಗುವ ಹೊತ್ತಿದೆ, ಕರೆಯಲೇಬೇಕು. ಕರೆಯುವ ರೀತಿಯಲ್ಲಿ ಮಾತ್ರ ಭೇದವುಂಟು. ‘ಕೋಲು ಬಿಸಾಕು’ ಎಂದರೆ ಮಗು ಅಳುತ್ತದೆ. ‘ಕುದುರೆಯನ್ನು ಕಟ್ಟಿ ಬಾರಪ್ಪಾ’ ಎಂದರೆ, ಕೋಲನ್ನು ಕಂಬಕ್ಕೊರಗಿಸಿ, ಒಂದು ಹಿಡಿ ಹುಲ್ಲನ್ನೂ ಮುಂದಿಟ್ಟು ಒಳಗೆ ಬರುತ್ತದೆ.