ಒಕ್ಕೂಟ ಬಿಡುವ ಮತವೂ ಅಚೌರ್ಯಾಣುವ್ರತವೂ

ಒಂದು ದೇಶವು ತಾನು ಸೇರಿರುವ ಒಕ್ಕೂಟದಲ್ಲಿ ಉಳಿಯಬೇಕೆ, ಅದನ್ನು ಬಿಡಬೇಕೆ ಎಂಬ ಪ್ರಶ್ನೆಯನ್ನು ನೇರವಾಗಿ ಪ್ರಜೆಗಳ ಮುಂದಿಡುವ ಪ್ರಸಂಗ ವಿರಳ. ಬ್ರಿಟನ್ನಿನ ಮತದಾರರಿಗೆ 2016ರ ಜೂನ್ 23ರಂದು ಅದು ಒದಗಿತು. ಶೇಕಡಾ 51.9 ಮಂದಿ ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದರು, 48.1 ಮಂದಿ ಉಳಿಯಬೇಕೆಂದರು. ನಮ್ಮನ್ನು ಯಾರೂ ಹೀಗೆ ಕೇಳಿದ್ದಿಲ್ಲ. 1956ರಲ್ಲಿ ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಾಗಲೂ, ಕಾಸರಗೋಡು ಕೇರಳಕ್ಕೆ ಹೋದಾಗಲೂ ನಮ್ಮ ಕೈಗೆ ಮತಪತ್ರ ಬರಲಿಲ್ಲ.

ಆದರೂ ನಮ್ಮ ಮಾತಿಗೆ ಬೆಲೆಯಿಲ್ಲವೆನ್ನಲಾಗದು. ಏಷ್ಯಾ-ಪೆಸಿಫಿಕ್ ರಾಷ್ಟ್ರಗಳ ಆರ್‌ಸಿಇಪಿ ಎಂಬ ವ್ಯಾಪಾರ ಒಪ್ಪಂದದ ಮಾತುಕತೆಯಲ್ಲಿ ಭಾರತವು 2012ರಿಂದ ಭಾಗವಹಿಸಿತ್ತು. ಅಡಿಕೆ, ಕಾಳುಮೆಣಸು ಬೆಳೆಯುವವರೂ ಹಾಲು ಉತ್ಪಾದಕರೂ ಅದನ್ನು ವಿರೋಧಿಸಿದರು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತವು ತಾನು ಸೇರುವುದಿಲ್ಲವೆಂದು ಸಾರಿತು. ಉಳಿದ 15 ರಾಷ್ಟ್ರಗಳು ಮರುವರ್ಷ ಸಹಿ ಹಾಕಿದವು. ಬಂಟ್ವಾಳ, ಬೆಳ್ತಂಗಡಿ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಅಂದು ಸಮಾಧಾನಪಟ್ಟವರಲ್ಲಿ ಈ ಲೇಖಕನೂ ಒಬ್ಬ.

ಆ ಸಮಾಧಾನ ನಿರ್ದೋಷವೆ? ಕರ್ಮಾಸ್ರವಕ್ಕೆ ಕಾರಣವಾಗುವ ಕ್ರಿಯೆಯನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕೃತ, ಕಾರಿತ, ಅನುಮತ ಎಂದು ವಿಭಾಗಿಸಿದ್ದಾರೆ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಇತರರು ಮಾಡಿದ್ದಕ್ಕೆ ಒಪ್ಪಿದ್ದು ಎಂದು ಇದರ ಅರ್ಥ. ಮತದಾನವು ಕಾರಿತವೂ ಹೌದು, ಅನುಮತವೂ ಹೌದು. ಮತ ಗುಪ್ತವಾಗಿರುವುದು ಚುನಾವಣಾಧಿಕಾರಿಗೆ ಮಾತ್ರ. ಆತ್ಮಪ್ರದೇಶಕ್ಕೆ ಬಂದು ಸೇರುವ ಕರ್ಮಕ್ಕೆ ಅಂತಹ ತೆರೆಯಿಲ್ಲ. "ಸರಕಾರ ಮಾಡಿತು, ನಾನೇನು ಮಾಡಿದೆ?" ಎಂದು ಶ್ರಾವಕನು ಹೇಳಿ ಮುಗಿಸುವಂತಿಲ್ಲ.

ಇಂತಹ ಚರ್ಚೆ ಬಂದಾಗ ನಮ್ಮವರು ಉಳ್ಳಾಲದ ರಾಣಿ ಅಬ್ಬಕ್ಕನನ್ನು ನೆನೆಯುವುದುಂಟು. ಆಕೆ ಚೌಟ ವಂಶದ ಜೈನ ರಾಣಿ. ಆ ವಂಶದ ಅರಮನೆ ಇಂದಿಗೂ ಮೂಡಬಿದಿರೆಯಲ್ಲಿದೆ. ತಮ್ಮ ಪರವಾನಗಿಯಿಲ್ಲದೆ ಈ ಕಡಲಿನಲ್ಲಿ ಹಡಗು ಸಾಗಬಾರದೆಂದು ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಕಟ್ಟುಮಾಡಿ ಕಪ್ಪ ಕೇಳಿದಾಗ ಆಕೆ ಒಪ್ಪಲಿಲ್ಲ. ಆದರೆ ಈ ಹೋಲಿಕೆ ನನಗೆ ಪೂರ್ತಿ ಸರಿಯೆನಿಸದು. ಅಬ್ಬಕ್ಕ ತಿರಸ್ಕರಿಸಿದ್ದು ಬಲಾತ್ಕಾರವನ್ನು, ವ್ಯಾಪಾರವನ್ನಲ್ಲ. ನಾವು 2019ರಲ್ಲಿ ಬೇಡವೆಂದದ್ದು ಸ್ಪರ್ಧೆಯನ್ನು. ಎರಡನ್ನೂ ಒಂದೇ ಶೌರ್ಯವೆಂದು ಹಾಡುವುದು ಸತ್ಯಾಣುವ್ರತಕ್ಕೆ ಹತ್ತಿರವಲ್ಲ. ನಮ್ಮ ಪೂರ್ವಜರು ಕಡಲಿಗೆ ಬೆನ್ನು ಹಾಕಿದವರೂ ಅಲ್ಲ. 1430ರ ಸುಮಾರಿಗೆ ಎದ್ದ ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಶಿಲ್ಪಗಳಲ್ಲಿ ಜಿರಾಫೆಯೂ ಚೀನಾದ ಡ್ರ್ಯಾಗನ್ನೂ ಇವೆ. ಈ ನಾಡಿನ ಕಾಡುಗಳಲ್ಲಿ ಅವನ್ನು ಕಂಡವರಾರು?

ಇನ್ನು ನೆರೆಮನೆಯವರ ಮಾತು. ನಮ್ಮ ಜಿಲ್ಲೆಯ ಗೇರುಬೀಜ ಕಾರ್ಖಾನೆಗಳು ಬಹುಮಟ್ಟಿಗೆ ಆಫ್ರಿಕಾದಿಂದ ಬರುವ ಬೀಜವನ್ನು ನಂಬಿವೆ. ಆ ಬೀಜ ಸುಲಿಯುವ ಹೆಂಗಸರ ಕೂಲಿ ತೆರೆದ ಬಂದರಿನಿಂದ ಬರುತ್ತದೆ. ಹೊರಗಿನ ಅಡಿಕೆ ಬಂದರೆ ನನಗೆ ನಷ್ಟ. ಹೊರಗಿನ ಗೇರುಬೀಜ ಬಾರದಿದ್ದರೆ ಆಕೆಗೆ ನಷ್ಟ. ಒಂದೇ ವಾರ್ಡಿನ ಇಬ್ಬರು ಮತದಾರರ ಹಿತ ಎದುರುಬದುರಾಗಿ ನಿಲ್ಲುವಾಗ, ಅನೇಕಾಂತವನ್ನು ಸಭೆಯಲ್ಲಿ ಕೊಂಡಾಡುವ ನಾವು ಆಕೆಯ ಕಡೆಯಿಂದಲೂ ಒಮ್ಮೆ ನೋಡಿ ಮತ ಹಾಕಿದೆವೆ? ನಾನಂತೂ ನೋಡಿರಲಿಲ್ಲ. ನೋಡಿದ್ದರೂ ಬಹುಶಃ ಬೇಡವೆಂದೇ ಹೇಳುತ್ತಿದ್ದೆ. ತೋಟವೆಂದರೆ ಒಂದು ವರ್ಷದಲ್ಲಿ ಬದಲಿಸುವ ಬೆಳೆಯಲ್ಲ. ಬೆಲೆ ಕುಸಿದಾಗ ಸಾಲ ಮಾಡಿದ ಸಣ್ಣ ಹಿಡುವಳಿದಾರನ ಮನೆಯೇ ಕುಸಿಯುತ್ತದೆ. ಅಂತಹ ಸಂಕಟವನ್ನು ಕಂಡ ಬಳಿಕವೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಬೇಲಿ ಕೇಳುವುದು ಪಾಪವೆಂದು ನಾನು ಹೇಳಲಾರೆ.

ನನ್ನನ್ನು ಕಾಡುವುದು ಬೇಲಿ ಬಂದ ಮೇಲಿನ ನಡತೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ಅದನ್ನು ಕೇಳಿದವರು ನಾವೇ. ಆದರೆ ಬೆಲೆಯ ಅಂತರ ದೊಡ್ಡದಾದಷ್ಟೂ ಕಳ್ಳದಾರಿಯ ಆಕರ್ಷಣೆ ದೊಡ್ಡದು. ಮ್ಯಾನ್ಮಾರ್ ಗಡಿಯಿಂದ ಗುಟ್ಟಾಗಿ ಬಂದ ಅಡಿಕೆ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು: ರಾಜ್ಯದ ಕಟ್ಟಳೆಯನ್ನು ಮೀರಿ ಸರಕು ಪಡೆಯುವುದು. ಕದ್ದು ತಂದುದನ್ನು ಕೊಳ್ಳುವುದೂ ಅವುಗಳಲ್ಲಿದೆ. ಕೀಳು ಸರಕನ್ನು ಬೆರೆಸಿ ಉತ್ತಮವೆಂದು ಮಾರುವ ಪ್ರತಿರೂಪಕ ವ್ಯವಹಾರವೂ ಇದೆ. ಹೊರಗಿನ ಅಗ್ಗದ ಅಡಿಕೆಯನ್ನು ನಮ್ಮ ಚಾಲಿಯ ಚೀಲಕ್ಕೆ ಸುರಿಯುವವನು ಈ ಮೂರರಲ್ಲೂ ಒಟ್ಟಿಗೆ ಸಿಕ್ಕಿಬೀಳುತ್ತಾನೆ. ಬಾಗಿಲು ಮುಚ್ಚಿರೆಂದು ಹಗಲಿನಲ್ಲಿ ಮತ ಕೇಳಿದವನೇ ಆತನಾಗಿದ್ದರೆ, ಸುಂಕವನ್ನೇ ಒಪ್ಪದ ವ್ಯಾಪಾರಿಗಿಂತ ಅವನ ದೋಷ ಹೆಚ್ಚು.

ಈ ವಿಚಾರವನ್ನು ಬಸದಿಯೊಂದರ ಆಡಳಿತ ನೋಡುವ ಹಿರಿಯರ ಮುಂದಿಟ್ಟೆ. ಬಸದಿಯ ತೋಟದ ಅಡಿಕೆ ಮಾರುವಾಗ ಕೊಳ್ಳುವವರು ಬೆರಕೆ ಮಾಡುವವರೇ ಎಂದು ವಿಚಾರಿಸಬಾರದೆ ಎಂದು ಕೇಳಿದೆ. "ತೂಗಿ ಕೊಟ್ಟ ಮೇಲೆ ಅದು ಅವರ ಮಾಲು. ಎರಡು ರೂಪಾಯಿ ಹೆಚ್ಚು ಸಿಕ್ಕಿದರೆ ದೇವರ ದೀಪಕ್ಕೇ ಆಗುತ್ತದಲ್ಲವೆ?" ಎಂದರು. ಕಾರಿತ, ಅನುಮತಗಳ ಮಾತೆತ್ತಿದೆ. ಅವರು ತುಸು ಹೊತ್ತು ಸುಮ್ಮನಿದ್ದು, ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸುವುದಾಗಿ ಹೇಳಿದರು.